ರ‍್ಯಾಂಕ್ ಪಟ್ಟಿ ಮತ್ತು ಪಕ್ಕದ ಬೆಂಚಿನ ಗೆಳೆಯ

ನೀಟ್ ಫಲಿತಾಂಶ ಬಂದ ವಾರ ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಗಳ ರಸ್ತೆಬದಿಯಲ್ಲಿ ರ‍್ಯಾಂಕ್ ಪಡೆದ ಮಕ್ಕಳ ಭಾವಚಿತ್ರವಿರುವ ಫ್ಲೆಕ್ಸ್‌ಗಳು ಸಾಲುಗಟ್ಟುತ್ತವೆ. ಪಟ್ಟಿಯಲ್ಲಿಲ್ಲದ ಮಕ್ಕಳಿಗೆ ಹಿರಿಯರು ಹೇಳುವ ಮಾತೂ ಸಿದ್ಧವಾಗಿರುತ್ತದೆ: ‘ಬಲವಿದ್ದವರು ಉಳಿಯುತ್ತಾರೆ, ಅದು ಪ್ರಕೃತಿ ನಿಯಮ, ಡಾರ್ವಿನ್ನೇ ಹೇಳಿದ್ದಾನೆ.’ ವಿಜ್ಞಾನದ ಹೆಸರಿನಲ್ಲಿ ಹಬ್ಬಿರುವ ಈ ಮೂಢನಂಬಿಕೆಯನ್ನು ಇನ್ನಾದರೂ ಬಿಡಬೇಕು. ಯೋಗ್ಯತಮರ ಉಳಿವು ಎಂಬ ನುಡಿಯನ್ನು 1864ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು ತನ್ನ ಗ್ರಂಥಕ್ಕೆ ಸೇರಿಸಿಕೊಂಡದ್ದು 1869ರಲ್ಲಿ. ಪರಸ್ಪರ ನೆರವಾಗಲು ಸಿದ್ಧರಿರುವವರು ಹೆಚ್ಚಿರುವ ಬುಡಕಟ್ಟೇ ಉಳಿದವುಗಳನ್ನು ಮೀರುತ್ತದೆ ಎಂದು 1871ರಲ್ಲಿ ಬರೆದವನೂ ಅದೇ ಡಾರ್ವಿನ್.

ರ‍್ಯಾಂಕಿನ ಸ್ವಭಾವವೇ ಬೇರೆ. ವಿದ್ಯೆ ಎಲ್ಲರಲ್ಲೂ ಹೆಚ್ಚಬಹುದು, ರ‍್ಯಾಂಕ್ ಹಾಗೆ ಹೆಚ್ಚಲಾರದು. ದುಗ್ಗಮ್ಮನ ಜಾತ್ರೆಯಲ್ಲಿ ಮುಂದಿನವರು ತುದಿಗಾಲಲ್ಲಿ ನಿಂತರೆ ಹಿಂದಿನವರೂ ನಿಲ್ಲಲೇಬೇಕಾಗುತ್ತದೆ. ಕೊನೆಗೆ ಎಲ್ಲರ ಕಾಲೂ ನೋಯುತ್ತದೆ, ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರಲ್ಲಿ ವಿವರಿಸಿದ್ದು ಇದನ್ನೇ. ಸೀಟುಗಳ ಸಂಖ್ಯೆ ಅಷ್ಟೇ ಇದ್ದಾಗ ಎಲ್ಲರೂ ಎರಡೆರಡು ಗಂಟೆ ನಿದ್ದೆ ಬಿಟ್ಟು ಓದಿದರೆ ಸೀಟು ಹೆಚ್ಚುವುದಿಲ್ಲ, ನಿದ್ದೆಯಷ್ಟೇ ಹೋಗುತ್ತದೆ.

ಮೌಲ್ಯಗಳ ಮೇಲೆ ಆಗುವ ಪರಿಣಾಮವನ್ನು 1954ರಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ ಅಮೆರಿಕದ ಒಕ್ಲಹೋಮದ ಒಂದು ಬೇಸಿಗೆ ಶಿಬಿರದಲ್ಲಿ ಕಣ್ಣಾರೆ ಕಂಡರು. ಹನ್ನೊಂದು-ಹನ್ನೆರಡು ವಯಸ್ಸಿನ, ಒಳ್ಳೆಯ ಮನೆಗಳಿಂದ ಬಂದ 22 ಹುಡುಗರನ್ನು ಎರಡು ತಂಡ ಮಾಡಿ, ಹಗ್ಗಜಗ್ಗಾಟ, ಬೇಸ್‌ಬಾಲ್ ಪಂದ್ಯಗಳನ್ನಿಟ್ಟು, ಗೆದ್ದ ತಂಡಕ್ಕೆ ಮಾತ್ರ ಬಹುಮಾನವೆಂದು ಸಾರಿದರು. ಕೆಲವೇ ದಿನಗಳಲ್ಲಿ ಆ ಹುಡುಗರು ಎದುರಾಳಿಗಳ ಬಾವುಟ ಸುಟ್ಟರು, ಅವರ ಕೋಣೆಗೆ ನುಗ್ಗಿ ದಾಂಧಲೆ ಮಾಡಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೂ ಹಗೆ ಇಳಿಯಲಿಲ್ಲ. ಆದರೆ ನೀರಿನ ಪೂರೈಕೆ ಕೆಟ್ಟಾಗ, ಲಾರಿ ನಿಂತುಹೋದಾಗ, ಎರಡೂ ತಂಡ ಸೇರದೆ ಕೆಲಸ ಸಾಗದಿದ್ದಾಗ, ಅದೇ ಹುಡುಗರು ಒಂದೇ ಹಗ್ಗ ಹಿಡಿದು ಲಾರಿ ಎಳೆದರು. ಹುಡುಗರು ಬದಲಾಗಿರಲಿಲ್ಲ, ಆಟದ ನಿಯಮ ಬದಲಾಗಿತ್ತು. ಆದ್ದರಿಂದ ಪಕ್ಕದವನಿಗೆ ಕಾಣದಂತೆ ನೋಟ್ಸಿನ ಮೇಲೆ ಅಂಗೈ ಅಡ್ಡವಿಡುವ ಹುಡುಗಿಯನ್ನು ಸ್ವಾರ್ಥಿಯೆಂದು ಜರೆಯುವ ಮೊದಲು ನಾವು ಅವಳ ತರಗತಿಯ ಗೋಡೆಗೆ ಅಂಟಿಸಿದ ವಾರದ ರ‍್ಯಾಂಕ್ ಪಟ್ಟಿಯನ್ನು ನೋಡಬೇಕು.

1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಪಾಠವನ್ನು ತುಂಡುಗಳಾಗಿ ಹಂಚಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಭಾಗವನ್ನು ಕೊಟ್ಟರು. ಉಳಿದ ಭಾಗಗಳನ್ನು ಗೆಳೆಯರಿಂದಲೇ ಕಲಿಯಬೇಕಿತ್ತು. ಮಕ್ಕಳ ನಡುವಿನ ಹಗೆತನ ಕಡಿಮೆಯಾಗಿ ಆತ್ಮವಿಶ್ವಾಸ ಹೆಚ್ಚಿತು. ನಮ್ಮ ಪಿಯು ತರಗತಿಗಳಲ್ಲಿ ಭೌತಶಾಸ್ತ್ರದ ಒಂದು ಅಧ್ಯಾಯವನ್ನು ಹೀಗೆ ಹಂಚಲು ಹಣವೇನೂ ಬೇಡ. ಸೀಟು ತಪ್ಪೀತೆಂಬ ಭಯಕ್ಕೂ ಇಲ್ಲಿ ಉತ್ತರವಿದೆ: ನೀಟ್ ಬರೆಯುವವರು 20 ಲಕ್ಷಕ್ಕೂ ಹೆಚ್ಚು, ಪಕ್ಕದ ಬೆಂಚಿನವನು ಅವರಲ್ಲಿ ಒಬ್ಬ ಮಾತ್ರ. ಅವನಿಗೆ ಹೇಳಿಕೊಟ್ಟು ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ಸ್ಥಾನ, ಹೇಳಿಕೊಡುವಾಗ ತನಗೇ ಗಟ್ಟಿಯಾಗುವುದು ಇಡೀ ಅಧ್ಯಾಯ.