‘ಗುಳಿಗಿ ಎಷ್ಟ್ ದಿನ್ರಿ ಮೇಡಂ?’

ದೀಪಾವಳಿ ಆದ ವಾರ ನಮ್ಮ ಗಂಗಾವತಿ ಕ್ಲಿನಿಕ್ಕಿಗೆ ಒಬ್ಬಾಕಿ ಪೇಷಂಟು, ಆಕಿ ಜೊತಿಗೆ ಮೂರು ಮಂದಿ ಬಂದ್ರು. ಹುಡುಗಿಗೆ ಇಪ್ಪತ್ನಾಲ್ಕು ವರ್ಷ, ತೂಕ 94 ಕೆಜಿ, ಬಿಎಂಐ (ಎತ್ತರಕ್ಕ ತೂಕ ಎಷ್ಟು ಅನ್ನೋ ಲೆಕ್ಕ) 39, ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದ್ರಿ) ಐತಿ, ಶುಗರ್ ಆಗಲೇ ಬಾರ್ಡರ್ ದಾಟೈತಿ. ಅಪ್ಪ, ಅವ್ವ, ಸೋದರಮಾವ. ಮಾತಾಡಿದ್ದೆಲ್ಲಾ ಮಾವನೇ. "ಹೈದ್ರಾಬಾದಿಗೆ ಹೋಗಿ ತೋರಿಸ್ಕೊಂಡು ಬಂದೀವ್ರಿ ಮೇಡಂ, ಹೊಟ್ಟಿ ಸಣ್ಣ ಮಾಡೋ ಆಪರೇಷನ್, ಡಿಸೈಡ್ ಆಗೈತಿ, ವೈಶಾಖದಾಗ ಲಗ್ನ, ನೀವೊಂದು ಲೆಟರ್ ಬರದ್ ಕೊಟ್ರ ಮುಗೀತು" ಅಂದ. ಎಷ್ಟು ತೂತು ಹಾಕ್ತಾರ, ಎಷ್ಟು ದಿನ ಅಡ್ಮಿಟ್, ತಿಂಗಳಿಗೆ ಎಷ್ಟು ಕೆಜಿ ಇಳೀತೈತಿ ಎಲ್ಲಾ ಬಾಯಿಪಾಠ ಮಾಡ್ಕೊಂಡು ಬಂದಿದ್ದ. ಆಮ್ಯಾಲೆ ಏನೇನು ಗುಳಿಗಿ ತಗೋಬೇಕು ಅಂತ ಹೇಳ್ಯಾರ ಅಂತ ಕೇಳಿದೆ. "ಅದೇನೋ ವಿಟಮಿನ್ ಅಂದ್ರ್ರಿ. ಎಷ್ಟ್ ದಿನ ಆಗಬಹುದ್ರಿ ಮೇಡಂ, ಒಂದು ತಿಂಗಳಾ?"

ಈ ‘ಎಷ್ಟ್ ದಿನ್ರಿ’ ಕೇಳಿ ಕೇಳಿ ನನಗ ಸಾಕಾಗೈತಿ.

ಮೊದಲ ಹೇಳಿಬಿಡ್ತೀನಿ, ನಾನು ಸರ್ಜನ್ ಅಲ್ಲ, ಫಿಸಿಷಿಯನ್. ಆಪರೇಷನ್ ಮಾಡೋರು ಬೆಂಗಳೂರು, ಹೈದ್ರಾಬಾದ್, ಹುಬ್ಬಳ್ಳಿ ಕಡೆ ಇರ್ತಾರ, ಮಾಡಿಸ್ಕೊಂಡು ವಾಪಸ್ ಬಂದವ್ರು ನನ್ನ ಮುಂದ ಕುಂದರ್ತಾರ. ಈ ಆಪರೇಷನ್ನಿಗೆ ನಾನು ವಿರೋಧಿನೂ ಅಲ್ಲ. ಖರೇ ಹೇಳ್ಬೇಕಂದ್ರ, ಬೇಕಾದವ್ರಿಗೆ ನಾನ ಹೇಳಿ ಕಳಸ್ತೀನಿ. ಶುಗರ್ ಬಂದು ಬಾಳ ವರ್ಷ ಆಗಿಲ್ಲ, ಇನ್ಸುಲಿನ್ನಿಗೆ ಇನ್ನೂ ಹೋಗಿಲ್ಲ ಅನ್ನೋರಿಗೆ ಆಪರೇಷನ್ ಆದ ಕೆಲವು ವಾರದಾಗ ಶುಗರ್ ಗುಳಿಗಿ ಬಿಡಿಸಿದ್ದನ್ನ ಕಣ್ಣಾರೆ ನೋಡೀನಿ, ಎಲ್ಲಾರಿಗೂ ಹಂಗ ಆಗ್ತೈತಿ ಅಂತ ಮಾತ್ರ ಬರದ್ ಕೊಡಾಂಗಿಲ್ಲ. ಈ ಆಪರೇಷನ್ನಿಗೆ ಮೊದಲು, 1991ರಿಂದ, ಬಿಎಂಐ 40 ಇರಬೇಕು, ಇಲ್ಲಾ 35ರ ಜೊತಿಗೆ ಶುಗರ್ ಬಿಪಿ ಇರಬೇಕು ಅಂತಿತ್ತು. 2022ರಾಗ ಸರ್ಜನ್‌ಗಳ ಸಂಘದವ್ರು ಅದನ್ನ ಇಳಿಸಿ ನಮ್ಮಂಥ ಏಷ್ಯಾದ ಮಂದಿಗೆ 27.5ರಿಂದನ ವಿಚಾರ ಮಾಡಬಹುದು ಅಂದ್ರು. ಇನ್ಶೂರೆನ್ಸ್ ಕಂಪನಿಯವ್ರು ಇನ್ನೂ 40, ಇಲ್ಲಾ 35ರ ಜೊತಿಗೆ ದೊಡ್ಡ ಕಾಯಿಲೆ ಅಂತ ಕೇಳ್ತಾರ, ಆ ಲೆಟರಿಗೆ ನನ್ನ ಹತ್ರ ಓಡಿ ಬರ್ತಾರ. ಮತ್ತ ಇದು ಕೊಬ್ಬು ಹೀರಿ ತೆಗಿಯೋ ಲೈಪೋಸಕ್ಷನ್ ಅಲ್ಲ, ಅದೇ ಬ್ಯಾರೆ, ಇದೇ ಬ್ಯಾರೆ. ಅದನ್ನ ಇಲ್ಲಿ ವಿವರಸ್ಲಿಕ್ಕೆ ಹೋಗಂಗಿಲ್ಲ.

ನಾನು ಹೇಳಬೇಕಾಗಿರೋದು ಗುಳಿಗಿ ಬಗ್ಗೆ ಅಷ್ಟೇ.

ಈ ಆಪರೇಷನ್ನಿನಾಗ ಮುಖ್ಯ ಎರಡು ನಮೂನಿ, ಸ್ಲೀವ್ ಮತ್ತ ಬೈಪಾಸ್. ಸ್ಲೀವ್ ಅಂದ್ರ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ಹೊರಗ ತೆಗೀತಾರ, ಬಾಳೆಹಣ್ಣಿನಂಗ ಒಂದು ಉದ್ದನ ಕೊಳವಿ ಉಳೀತೈತಿ. ಬೈಪಾಸ್ ಅಂದ್ರ ಮ್ಯಾಲೆ ಸುಮಾರು 30 ಎಂಎಲ್ ಹಿಡಿಯೋ ಸಣ್ಣ ಚೀಲ ಮಾಡಿ, ಸಣ್ಣಗರುಳಿನ ಮುಂದಿನ ಭಾಗ ತಂದು ಅದಕ್ಕ ಜೋಡಸ್ತಾರ, ಊಟ ಹಳೇ ಜಠರಕ್ಕ, ಸಣ್ಣಗರುಳಿನ ಮೊದಲನೇ ತುಂಡಿಗೆ ಹೋಗೋದೇ ಇಲ್ಲ. ಇಷ್ಟು ಎಲ್ಲಾರಿಗೂ ಗೊತ್ತು, ಯೂಟ್ಯೂಬಿನಾಗ ಬೊಂಬಿ ಚಿತ್ರದಾಗ ತೋರಸ್ತಾರ. ಗೊತ್ತಿಲ್ಲದ್ದು ಏನಂದ್ರ ಆ ಜಠರ ಬರೇ ಚೀಲ ಅಲ್ಲ. ಬಿ12 ಅನ್ನೋ ವಿಟಮಿನ್ ಮೈಗೆ ಹತ್ತಬೇಕಂದ್ರ ಜಠರದ ಆಸಿಡ್ ಬೇಕು, ಅಲ್ಲೇ ತಯಾರಾಗೋ ಒಂದು ಪ್ರೋಟೀನ್ ಬೇಕು, ಅದು ಬಿ12ನ್ನ ಕೈ ಹಿಡಕೊಂಡು ಸಣ್ಣಗರುಳಿನ ಕೊನೀತನಕ ಒಯ್ಯತೈತಿ. ಕಬ್ಬಿಣಾಂಶ ಬಾಳ ಮಟ್ಟಿಗೆ, ಕ್ಯಾಲ್ಸಿಯಂ ಒಂದಷ್ಟು ಹೀರೋದು ಬೈಪಾಸಿನಾಗ ತಪ್ಪಿಸಿದ ಆ ಮೊದಲನೇ ತುಂಡಿನಾಗ. ಇವೆಲ್ಲಾ ಆಪರೇಷನ್ ದಿನ ಹೋದ್ವು ಅಂದ್ರ ಹೋದ್ವು, ಆರು ತಿಂಗಳಿಗೆ ಚಿಗುರಿ ವಾಪಸ್ ಬರಂಗಿಲ್ಲ. ಹೊಲಿಗಿ ಮಾಯೋತನಕ ಅಂತ ಕೊಡೋ ಗುಳಿಗಿ ಅಲ್ಲ ಇವು. ಕಡಿದ, ಇಲ್ಲಾ ದಾರಿ ತಪ್ಪಿಸಿದ ಅಂಗ ಮಾಡ್ತಿದ್ದ ಕೆಲಸವನ್ನ ಗುಳಿಗಿ ಮಾಡ್ತಾವ. ಅಂಗ ವಾಪಸ್ ಬರಂಗಿಲ್ಲ ಅಂದ್ಮ್ಯಾಲೆ ಗುಳಿಗಿ ಯಾವಾಗ ನಿಲ್ಲಸ್ತೀರಿ ನೀವ ಹೇಳ್ರಿ.

ಮಂದಿ ಮೋಸ ಹೋಗೋದು ಎಲ್ಲಿ ಅಂದ್ರ, ಬಿಟ್ಟ ಕೂಡ್ಲೆ ಏನೂ ಆಗಂಗಿಲ್ಲ. ಬಿ12 ಲಿವರಿನಾಗ ಸ್ಟಾಕ್ ಇರ್ತೈತಿ, ವರ್ಷಗಟ್ಟಲೆ ನಡೀತೈತಿ. ಹಂಗಾಗಿ ಗುಳಿಗಿ ಬಿಟ್ಟ ಮೊದಲ ವರ್ಷ ಮೈ ಹಗುರ, ಎಲ್ಲಾರೂ ‘ಏನ್ ಸಣ್ಣ ಆಗೀರಿ’ ಅಂತಾರ, ಫೋಟೋ ಹಾಕ್ತಾರ. ನಮ್ಮ ಕಡೆ ಮೊಟ್ಟಿ ಸುದ್ದಿನೂ ಇಲ್ಲದ ಮನಿ ಬಾಳ, ಅವ್ರಿಗೆ ಬಿ12 ಬರೋದು ಬರೇ ಹಾಲು ಮೊಸರಿನಿಂದ, ಮೊದಲ ಕಡಿಮಿ ಇರ್ತೈತಿ. ಮ್ಯಾಲೆ ವರ್ಷಾನುಗಟ್ಟಲೆ ಶುಗರಿಗೆ ಮೆಟ್‌ಫಾರ್ಮಿನ್ ತಗೊಂಡಿದ್ರ ಅದೂ ಒಂಚೂರು ಇಳಿಸಿರ್ತೈತಿ. ಸ್ಟಾಕೇ ಅರ್ಧ ಇಟ್ಕೊಂಡು ಅಂಗಡಿ ಬಂದ್ ಮಾಡಿದಂಗ.

ನಮ್ಮ ಕಡೆ ರೈಸ್‌ಮಿಲ್ ಸಾವ್ಕಾರ್ರು ಒಬ್ರು, ಹಿರಿಯರು, ಬಾಳ ಒಳ್ಳೆಯವ್ರು. ಬೈಪಾಸ್ ಮಾಡಿಸ್ಕೊಂಡು ಮೂರು ವರ್ಷಕ್ಕ ಬಂದ್ರು. ನಲವತ್ತು ಕೆಜಿ ಇಳದಿದ್ರು, ಶುಗರ್ ಗುಳಿಗಿ ನಿಂತಿದ್ವು, ಖುಷಿಯಾಗೇ ಇದ್ರು, ‘ಕಾಲು ಸ್ವಲ್ಪ ಜುಮು ಜುಮು ಅಂತಾವ್ರಿ ಮೇಡಮ್ಮೋರ’ ಅಷ್ಟೇ ಕಂಪ್ಲೇಂಟು. ಕುರ್ಚಿ ಮ್ಯಾಲೆ ಕುಂತ್ರು. ಹಿಂದಿನಿಂದ ನಮ್ಮ ಕಂಪೌಂಡರ್ ಹುಡುಗ ಬಂದ, ಕೈಯಾಗ ಒಂದು ಚಪ್ಪಲಿ, "ಸಾವ್ಕಾರ್ರ, ಮೆಟ್ಟಲ ಹತ್ರ ಬಿಟ್ಟು ಬಂದೀರ್ರಿ." ಅವ್ರು ಬಗ್ಗಿ ನೋಡ್ಕೊಂಡ್ರು. ಎಡಗಾಲು ಬರಿಗಾಲು. ಅಲ್ಲಿಂದ ಇಲ್ಲೀತನಕ ನಡಕೊಂಡು ಬಂದಾರ, ಚಪ್ಪಲಿ ಕಳಚಿದ್ದು ಗೊತ್ತಾಗಿಲ್ಲ. ನರ ಪರೀಕ್ಷೆ ಮಾಡೋ ಟ್ಯೂನಿಂಗ್ ಫೋರ್ಕ್ (ಬಡದ್ರ ನಡುಗೋ ಕವಲು ಕಡ್ಡಿ) ಬಡದು ಹೆಬ್ಬೆರಳಿನ ಮ್ಯಾಲೆ ಇಟ್ಟೆ, ‘ಗುಂಯ್ ಅಂತೈತೇನ್ರಿ?’ ‘ಇಲ್ರಿ.’ ಹರಡಿನ ಎಲುಬಿಗೆ ಇಟ್ಟೆ, ‘ಇಲ್ರಿ.’ ಮೊಳಕಾಲಿಗೆ ಇಟ್ಟಾಗ, ‘ಹಾಂ, ಈಗ ಐತ್ರಿ.’ ಆಪರೇಷನ್ ಆಗಿ ಆರನೇ ತಿಂಗಳಿಗೆ ಗುಳಿಗಿ ಬಿಟ್ಟಿದ್ರಂತ. ಯಾಕಂದ್ರ ‘ಉಷ್ಣ ಆಗ್ತೈತಿ’, ಮತ್ತ ‘ಆರಾಮ ಆಗೇನಲ್ಲ’. ಬಿ12 ಇಲ್ಲದ ಕಾಲಿನ ನರ ಸೊರಗಿದ್ವು. ಬಿ12 ಇಂಜೆಕ್ಷನ್ ಶುರು ಮಾಡಿದ್ವಿ, ತಿಂಗಳುಗಟ್ಟಲೆ. ಬಲಗಾಲು ಬಾಳ ಸುಧಾರಿಸ್ತು. ಎಡಗಾಲಿನ ಬೆರಳು ಈಗಲೂ ಪೂರ್ತಿ ಬಂದಿಲ್ಲ, ಈಗ ಹಿಂದ ಪಟ್ಟಿ ಇರೋ ಸ್ಯಾಂಡಲ್ ಹಾಕ್ತಾರ.

ಅವ್ರಿಗೆ ನಾನು ಡ್ಯಾಮಿನ ಮಾತು ಹೇಳಿದ್ದೆ, ರೈತರಿಗೆಲ್ಲಾ ಅದನ್ನ ಹೇಳ್ತೀನಿ, ಲಗೂನ ತಿಳೀತೈತಿ. 2024ರ ಆಗಸ್ಟಿನಾಗ ಟಿಬಿ ಡ್ಯಾಮಿನ, ಅಂದ್ರ ತುಂಗಭದ್ರಾ ಅಣೆಕಟ್ಟಿನ, 19ನೇ ಗೇಟಿನ ಚೈನ್ ಕಡಕೊಂಡು ಗೇಟೇ ಕೊಚ್ಚಿ ಹೋಯ್ತಲ್ಲ, ಆ ವಾರ ನಮ್ಮ ಕ್ಲಿನಿಕ್ಕಿನಾಗ ಯಾರ ಬಿಪಿನೂ ನಾರ್ಮಲ್ ಬರಲಿಲ್ಲ, ಎಲ್ಲಾರದೂ ಭತ್ತದ ಚಿಂತಿ. ಅಷ್ಟು ದೊಡ್ಡ ಕಟ್ಟಡ, ಎಪ್ಪತ್ತು ವರ್ಷ ನಿಂತೈತಿ, ಕಲ್ಲು ಗಟ್ಟಿನೇ ಐತಿ, ಹೋಗಿದ್ದು ಒಂದು ಚೈನು. ನಿಮ್ಮ ಗುಳಿಗಿನೂ ಆ ಚೈನಿನಂಗ ಅಂದೆ. ಸಾವ್ಕಾರ್ರು ಸ್ವಲ್ಪ ಹೊತ್ತು ಸುಮ್ನಿದ್ದು, ‘ಅದಕ್ಕ ಸ್ಟಾಪ್‌ಲಾಗ್ ಹಾಕಿದ್ರಲ್ರಿ’ ಅಂದ್ರು. ಆ ತಾತ್ಕಾಲಿಕ ಗೇಟು ಹಾಕಿದ್ರು, ಖರೇ, ಆದ್ರ ಅಷ್ಟೊತ್ತಿಗೆ ಎಷ್ಟು ನೀರು ಹೋಗಿತ್ತು?

ಇನ್ನೊಂದು ನಮ್ಮ ಊರಿನ ಚಟ, ಸಲೈನು. ಸುಸ್ತಾತು, ವಾಂತಿ ಆತು, ಒಂದು ಗ್ಲೂಕೋಸ್ ಬಾಟ್ಲಿ ಏರಿಸ್ಕೊಂಡು ಬರೋದು. ಉಳದವ್ರಿಗೆ ಹೆಂಗೋ ನಡೀತೈತಿ. ಈ ಆಪರೇಷನ್ ಆದವ್ರು ವಾರಗಟ್ಟಲೆ ವಾಂತಿ ಮಾಡ್ಕೊಂತಿದ್ರ ಮೈಯಾಗ ಬಿ1, ಅಂದ್ರ ಥಯಾಮಿನ್, ಖಾಲಿ ಆಗಿರ್ತೈತಿ. ಅದರ ಸ್ಟಾಕ್ ಬಿ12ನಂಗ ವರ್ಷ ಇರಂಗಿಲ್ಲ, ಎರಡು ಮೂರು ವಾರ ಅಷ್ಟೇ. ಅಂಥಾ ಹೊತ್ತಿನಾಗ ಥಯಾಮಿನ್ ಕೊಡದೇ ಬರೇ ಗ್ಲೂಕೋಸ್ ಏರಿಸಿದ್ರ ಮೆದುಳಿಗೆ ಹೊಡತ ಬೀಳಬಹುದು. ಕಣ್ಣು ಓಲಾಡೋದು, ನಡಗಿ ತಪ್ಪೋದು, ಮಂದಿನ ಗುರುತು ಸಿಗದಿರೋದು. ದಿನಾ ನೋಡೋ ಕೇಸಲ್ಲ, ಹೆದರಸ್ಲಿಕ್ಕೆ ಹೇಳ್ತಿಲ್ಲ. ಆದ್ರ ಯಾವ ಡಾಕ್ಟ್ರ ಹತ್ರ ಹೋದ್ರೂ, ಹಲ್ಲಿನ ಡಾಕ್ಟ್ರೇ ಆಗ್ಲಿ, ಮೊದಲ ಮಾತು ‘ನನಗ ಈ ಆಪರೇಷನ್ ಆಗೈತಿ’ ಅಂತ ಇರಬೇಕು. ಬೈಪಾಸ್ ಆದವ್ರು ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಾಗ ನೋವಿನ ಗುಳಿಗಿ ತಾವ ತಗೊಂಡು ನುಂಗೋದಂತೂ ಬ್ಯಾಡೇ ಬ್ಯಾಡ, ಹೊಲಿಗಿ ಜಾಗದಾಗ ಹುಣ್ಣು ಆಗ್ತೈತಿ. ಗುಟ್ಕಾ, ಬೀಡಿನೂ ಅದ ಲೆಕ್ಕ.

ಥಯಾಮಿನ್ ಅಂದ ಕೂಡ್ಲೆ ಮಿಲ್ಲಿನ ಸಾವ್ಕಾರ್ರೇ ನೆನಪಾಗ್ತಾರ. ಅದು ಜಾಸ್ತಿ ಇರೋದು ಅಕ್ಕಿ ಮ್ಯಾಲಿನ ತೌಡಿನಾಗ. ಪಾಲಿಶ್ ಹೊಡದು ಬೆಳ್ಳಗ ಮಾಡಿ ಸೋನಾಮಸೂರಿ ನಾವು ತಿಂತೀವಿ, ತೌಡು ಎಮ್ಮಿಗೆ. ಹೇಳಿದಾಗ ಅವ್ರು ನಕ್ಕು, "ಹಂಗಾರ ನಮ್ಮ ಎಮ್ಮಿನ ಶಾಣ್ಯಾದವು ಬಿಡ್ರಿ" ಅಂದ್ರು.

ಇದೆಲ್ಲಾ ಆದ್ಮ್ಯಾಲೆ ನಾನೊಂದು ಪದ್ಧತಿ ಮಾಡ್ಕೊಂಡೀನಿ. ಪುಸ್ತಕದಾಗ ಇಲ್ಲ, ಸರ್ಜನ್‌ಗಳು ಕೆಲವ್ರು ಸಿಟ್ಟೂ ಆಗ್ತಾರ, ಅರ್ಜೆಂಟ್ ಇರೋರಿಗೆ ಇದನ್ನ ಹಚ್ಚಂಗೂ ಇಲ್ಲ. ಲೆಟರ್ ಕೇಳಲಿಕ್ಕೆ ಬಂದವ್ರಿಗೆ ಮೊದಲ ರಕ್ತ ಪರೀಕ್ಷೆ ಮಾಡಿಸಿ, ಕಡಿಮಿ ಇದ್ದ ವಿಟಮಿನ್ ಬರದು, ಮೂರು ತಿಂಗಳು ಬಿಟ್ಟು ಖಾಲಿ ಸ್ಟ್ರಿಪ್ ತರ್ರಿ ಅಂತೀನಿ. ಕಬ್ಬಿಣದ ಗುಳಿಗಿಗೂ ಕ್ಯಾಲ್ಸಿಯಂ ಗುಳಿಗಿಗೂ ಎರಡು ತಾಸು ಅಂತರ, ಕಬ್ಬಿಣದ್ದನ್ನ ಚಾ ಜೊತಿಗೆ ನುಂಗಂಗಿಲ್ಲ. ಮೂರು ತಿಂಗಳು ಇಷ್ಟು ಮಾಡ್ಲಿಕ್ಕೆ ಆಗದವ್ರು ಮೂವತ್ತು ವರ್ಷ ಮಾಡ್ತಾರ ಅಂತ ನಾನು ಹೆಂಗ ನಂಬ್ಲಿ? ಆಗಲಿಲ್ಲಂದ್ರ ಬ್ಯಾರೆ ದಾರಿನೂ ಅದಾವ. 2025ರಿಂದ ತೂಕ ಇಳಸ್ಲಿಕ್ಕೆ ಅಂತ ವಾರಕ್ಕೊಂದು ಚುಚ್ಚೋ ಇಂಜೆಕ್ಷನ್ನೂ ನಮ್ಮ ದೇಶದಾಗ ಸಿಗ್ತಾವ, ಅವನ್ನ ಬಿಟ್ರ ತೂಕ ವಾಪಸ್ ಬರೋದ ಜಾಸ್ತಿ. ಆದ್ರ ಇಂಜೆಕ್ಷನ್ ಬಿಡಬಹುದು, ಕತ್ತರಿಸಿದ ಜಠರ ವಾಪಸ್ ಹಚ್ಚಲಿಕ್ಕೆ ಬರಂಗಿಲ್ಲ.

ಆ ಹುಡುಗಿ ವಿಷಯಕ್ಕ ಬರ್ತೀನಿ. ಮೂರು ಮಂದಿನ್ನೂ ಹೊರಗ ಕುಂದರಸಿ ಆಕಿನ ಕೇಳಿದೆ, ‘ನಿಂಗೇನ್ ಅನಸ್ತೈತಿ ತಂಗಿ?’ ಬಾಳ ಹೊತ್ತು ಸುಮ್ನಿದ್ಲು. ‘ಆಪರೇಷನ್ನಿಗೆ ಹೆದರಿಕಿ ಇಲ್ರಿ. ನಂಗ ಗುಳಿಗಿ ನುಂಗಾಕ ಬರಂಗಿಲ್ಲ. ಸಣ್ಣಾಕಿದ್ದಾಗಿಂದ ಅವ್ವ ಬೆಲ್ಲದಾಗ ಇಟ್ಟು ಕೊಡ್ತಾಳ.’ ಇದನ್ನ ಹೈದ್ರಾಬಾದಿನಾಗ ಯಾರೂ ಕೇಳಿಲ್ಲ, ಮನಿಯಾಗ ಹೇಳ್ಲಿಕ್ಕೆ ನಾಚಿಕಿ. ಅಗದು ತಿನ್ನೋ ಗುಳಿಗಿ ಇರ್ತಾವ, ಆಪರೇಷನ್ ಆದ ಹೊಸದಾಗಿ ಬಾಳ ಮಂದಿಗೆ ಅವನ್ನ ಕೊಡ್ತಾರ ಅಂತ ಹೇಳಿದಾಗ ಆಕಿ ಮುಖದಾಗ ಜೀವ ಬಂತು. ಆಮ್ಯಾಲೆ ಇನ್ನೊಂದು ಮಾತು, ಅದನ್ನ ಅವ್ವನ್ನೂ ಒಳಗ ಕರದ ಹೇಳಿದೆ. ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಬಸಿರಾಗೋದು ಬ್ಯಾಡ, ಆದ್ರ ತೂಕ ಇಳದ ಹಂಗ ಪಿಸಿಓಡಿ ಇದ್ದವ್ರು ಲಗೂನ ಬಸಿರಾಗೋ ಚಾನ್ಸ್ ಜಾಸ್ತಿ. ವೈಶಾಖದಾಗ ಲಗ್ನ ಮಾಡಿ ಮುಂದಿನ ವೈಶಾಖಕ್ಕ ತೊಟ್ಟಿಲು ಅಂತ ಬೀಗರಿಗೆ ಆಸಿ ಇದ್ರ ಅವ್ರಿಗೂ ಮೊದಲ ಹೇಳ್ರಿ. ಅವ್ವ ಸೆರಗು ಬಾಯಿಗೆ ಹಿಡಕೊಂಡು ಕುಂತ್ಲು. ಹೊರಗ ಮಾವ ‘ಲೆಟರ್ ಆತೇನ್ರಿ?’ ಅಂದ.

ಹುಡುಗಿ ಈಗ ಪ್ರತಿ ಐತವಾರ ಖಾಲಿ ಸ್ಟ್ರಿಪ್ಪಿನ ಫೋಟೋ ವಾಟ್ಸಾಪ್ ಮಾಡ್ತಾಳ. ಹೋದ ವಾರದ ಫೋಟೋದಾಗ ಎರಡು ಗುಳಿಗಿ ಹಂಗ ಕುಂತಿದ್ವು. ‘ಯಾಕ ತಂಗಿ?’ ಅಂತ ಕೇಳಿದೆ.

‘ಗವಿಮಠದ ಜಾತ್ರಿ ಇತ್ತಲ್ರಿ ಮೇಡಂ.’