ದೀಪ ಉರಿಯುತ್ತದೆ, ಎಂಜಿನ್ ತಿರುಗುವುದಿಲ್ಲ

"ಹೆಡ್‌ಲೈಟ್ ಉರಿಯುತ್ತಿದೆ, ಹಾರ್ನ್ ಕೂಗುತ್ತಿದೆ, ಬ್ಯಾಟರಿ ಸರಿಯಾಗಿಯೇ ಇದೆ." ಸ್ಟಾರ್ಟ್ ಆಗದೆ ನಿಂತ ಕಾರಿನ ಸುತ್ತ ನಾಲ್ಕು ಜನ ಸೇರಿದರೆ ಅವರಲ್ಲಿ ಒಬ್ಬರಾದರೂ ಈ ತೀರ್ಪು ಕೊಟ್ಟೇ ಕೊಡುತ್ತಾರೆ. ಉಳಿದ ಮೂವರು ತಲೆಯಾಡಿಸುತ್ತಾರೆ. ಆಮೇಲೆ ದುಬಾರಿ ಊಹೆಗಳು ಒಂದೊಂದಾಗಿ ಹೊರಬೀಳುತ್ತವೆ: ಸೆಲ್ಫ್ ಮೋಟಾರ್ ಹೋಗಿದೆ, ಪೆಟ್ರೋಲಿಗೆ ನೀರು ಸೇರಿದೆ, ಯಾವುದೋ ಸೆನ್ಸರ್ ಕೆಟ್ಟಿದೆ. ಊಹೆಗಳೂ ಮುಗಿದ ಮೇಲೆ ದೃಷ್ಟಿ ತಾಗಿದೆ ಎಂಬ ನಿರ್ಣಯ. ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು, ಹಸಿಮೆಣಸಿನಕಾಯಿ ಒಣಗಿ ಹೋಗಿರುವುದು ಆಗಲೇ ಎಲ್ಲರ ಕಣ್ಣಿಗೆ ಬೀಳುವುದು.

ನಿಂಬೆಹಣ್ಣಿಗೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ನನ್ನ ತಕರಾರು ಆ ಮೊದಲ ವಾಕ್ಯದ ಬಗ್ಗೆ. ದೃಷ್ಟಿಯನ್ನು ನಂಬುವವರು ಅದನ್ನು ವಿಜ್ಞಾನವೆಂದು ಹೇಳಿಕೊಳ್ಳುವುದಿಲ್ಲ. ದೀಪ ನೋಡಿ ಬ್ಯಾಟರಿಗೆ ಸರ್ಟಿಫಿಕೇಟ್ ಕೊಡುವವರು ಮಾತ್ರ ತಾವು ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇವೆ ಎಂದುಕೊಂಡಿರುತ್ತಾರೆ.

ಲೆಕ್ಕ ನೋಡಿ. ಸಾಮಾನ್ಯ ಹ್ಯಾಲೊಜೆನ್ ಹೆಡ್‌ಲೈಟಿನ ಒಂದು ಬಲ್ಬ್ 55 ವ್ಯಾಟ್. ಎರಡೂ ಸೇರಿ 12 ವೋಲ್ಟ್ ಬ್ಯಾಟರಿಯಿಂದ ಎಳೆಯುವುದು ಸುಮಾರು 9 ಆಂಪಿಯರ್ ಕರೆಂಟ್. ಚಿಕ್ಕ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರ್ ಎಂಜಿನನ್ನು ತಿರುಗಿಸುವಾಗ ನೂರು, ನೂರೈವತ್ತು ಆಂಪಿಯರ್ ಬೇಡುತ್ತದೆ. ನಿಂತಲ್ಲಿಂದ ಕದಲುವ ಮೊದಲ ಕ್ಷಣದಲ್ಲಂತೂ ಅದರ ಎರಡು ಪಟ್ಟೋ ಮೂರು ಪಟ್ಟೋ. ಡೀಸೆಲ್ ಎಂಜಿನಿನ ಸಿಲಿಂಡರಿನಲ್ಲಿ ಗಾಳಿ ಇನ್ನೂ ಬಿಗಿಯಾಗಿ ಒತ್ತಲ್ಪಡುವುದರಿಂದ ಅದರ ಬೇಡಿಕೆ ಮತ್ತೂ ಹೆಚ್ಚು. 150 ಆಂಪಿಯರ್, 10 ವೋಲ್ಟ್ ಎಂದರೆ ಒಂದೂವರೆ ಕಿಲೋವ್ಯಾಟ್, ಅಂದರೆ ಎರಡು ಎಚ್‌ಪಿ. ಬಾನೆಟ್ಟಿನ ಕೆಳಗೆ ಕುಳಿತಿರುವ ಆ ಪೆಟ್ಟಿಗೆ ಕೆಲವು ಸೆಕೆಂಡುಗಳ ಮಟ್ಟಿಗೆ ಒಂದು ಪಂಪ್‌ಸೆಟ್ಟನ್ನೇ ಓಡಿಸಬೇಕು.

ಪಂಪ್‌ಸೆಟ್ ಎಂದ ಮೇಲೆ ಹಳ್ಳಿಯವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರ, ಲೈನಿನ ಕೊನೆಯಲ್ಲಿರುವ ತೋಟದ ಮನೆಯಲ್ಲಿ ಬಲ್ಬು ಚೆನ್ನಾಗಿಯೇ ಉರಿಯುತ್ತಿರುತ್ತದೆ. ಮೋಟಾರ್ ಹಾಕಿದರೆ ಅದು ಗುಂಯ್ ಎಂದು ಗುನುಗಿ ನಿಲ್ಲುತ್ತದೆ, ಅಷ್ಟು ಹೊತ್ತೂ ಬಲ್ಬು ಕೆಂಪಗೆ ಕುಗ್ಗಿರುತ್ತದೆ. ರೈತರು "ಲೋ ವೋಲ್ಟೇಜು" ಎಂದು ಸ್ಟಾರ್ಟರ್ ಆಫ್ ಮಾಡಿ ಮನೆಯ ದಾರಿ ಹಿಡಿಯುತ್ತಾರೆ. ಬಲ್ಬು ಉರಿಯುತ್ತಿದೆಯಲ್ಲ, ಕರೆಂಟು ಸರಿಯಾಗಿಯೇ ಇದೆ ಎಂದು ವಾದಿಸುವ ರೈತನನ್ನು ನಾನು ಇದುವರೆಗೆ ಕಂಡಿಲ್ಲ.

ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋಗುವ ಗಿಡ್ಡ ಕೇಬಲ್ಲಿನಲ್ಲಿ ನಡೆಯುವುದೂ ಇದೇ. ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಎಂದರೆ ಹರಿಯುವ ಕರೆಂಟನ್ನು ಅಲ್ಲಿರುವ ರೋಧದಿಂದ ಗುಣಿಸಿದಷ್ಟು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ದಿನವೇ ಮರೆತ ಓಮ್ ನಿಯಮ ಇದು. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿ ಬೆಳೆದು ಕ್ಲಾಂಪಿನ ಸಂದಿಯಲ್ಲಿ 0.05 ಓಮ್‌ನಷ್ಟು ರೋಧ ಹುಟ್ಟಿದೆ ಎನ್ನಿ. ಹೆಡ್‌ಲೈಟಿನ 9 ಆಂಪಿಯರ್ ಅದನ್ನು ದಾಟುವಾಗ ಅರ್ಧ ವೋಲ್ಟೂ ಹೋಗುವುದಿಲ್ಲ, ದೀಪ ಮಂಕಾದದ್ದು ಯಾರಿಗೂ ತಿಳಿಯುವುದಿಲ್ಲ. ಸೆಲ್ಫ್ ಮೋಟಾರಿಗೆ 150 ಆಂಪಿಯರ್ ಹರಿಯಬೇಕಾದರೆ ಆ ಒಂದು ಸಂದಿಯೇ 7.5 ವೋಲ್ಟ್ ನುಂಗಬೇಕಾಗುತ್ತದೆ. ಮೋಟಾರಿಗೆ ಉಳಿಯುವುದೇನು? ಬ್ಯಾಟರಿ ಹೊಸದೇ ಇರಬಹುದು, ಪೂರ್ತಿ ಚಾರ್ಜ್ ಆಗಿಯೂ ಇರಬಹುದು. ಕಾರು ಮಾತ್ರ ಕದಲುವುದಿಲ್ಲ.

ಇದನ್ನು ಹಿಡಿಯುವ ಪರೀಕ್ಷೆಯೊಂದಿದೆ, ನನಗೆ ಬಹಳ ಪ್ರಿಯವಾದದ್ದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಗೂಟದ ನೆತ್ತಿಗೆ ಒತ್ತಿ ಹಿಡಿಯಿರಿ. ಇನ್ನೊಂದನ್ನು ಅದೇ ಗೂಟವನ್ನು ತಬ್ಬಿರುವ ಕ್ಲಾಂಪಿಗೆ ಒತ್ತಿ. ಎರಡು ಮೊನೆಗಳ ನಡುವೆ ಒಂದು ಬೆರಳಿನ ಅಂತರವೂ ಇಲ್ಲ. ಮೀಟರ್ ಸೊನ್ನೆ ತೋರಿಸುತ್ತದೆ, ತೋರಿಸಲೇಬೇಕು, ಏಕೆಂದರೆ ಇನ್ನೂ ಏನೂ ಹರಿಯುತ್ತಿಲ್ಲ. ಈಗ ಒಳಗಿರುವವರಿಗೆ ಸೆಲ್ಫ್ ಹೊಡೆಯಲು ಹೇಳಿ. ಸಂದಿ ಶುಚಿಯಾಗಿದ್ದರೆ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಅರ್ಧ ವೋಲ್ಟೋ ಎರಡು ವೋಲ್ಟೋ ಜಿಗಿದರೆ ಕಳ್ಳ ಅಲ್ಲೇ ಇದ್ದಾನೆ. ಇನ್ನೊಂದು ಗೂಟಕ್ಕೂ ಹೀಗೇ ಮಾಡಿ. ಆಮೇಲೆ ಮೈನಸ್ ಕೇಬಲ್ ಎಂಜಿನಿಗೂ ಬಾಡಿಗೂ ಬೋಲ್ಟ್ ಆಗಿರುವ ಕಡೆಯೂ ನೋಡಿ. ಮೆಕ್ಯಾನಿಕ್‌ಗಳು "ಅರ್ತಿಂಗ್ ಇಲ್ಲ" ಎನ್ನುವುದು ಈ ಜಾಗದ ಬಗ್ಗೆಯೇ. ಕ್ಲಾಂಪ್ ಬಿಚ್ಚಿ, ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ತೊಳೆದು, ಒರಸಿ, ಉಜ್ಜಿ, ಬಿಗಿಮಾಡಿ, ಮೇಲೆ ಒಂದಿಷ್ಟು ಗ್ರೀಸ್ ಸವರಿದರೆ ಆಯಿತು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಮೀಟರ್ ಇಲ್ಲವೆನ್ನುತ್ತೀರಾ? ಹಾಗಾದರೆ ದೀಪವನ್ನೇ ನೋಡಿ, ಆದರೆ ಕೀ ತಿರುಗಿಸುವ ಹೊತ್ತಿಗೆ ನೋಡಿ. ಕೆಲವು ಕಾರುಗಳು ಆ ಹೊತ್ತಿನಲ್ಲಿ ಹೆಡ್‌ಲೈಟನ್ನು ತಾವೇ ಆರಿಸುತ್ತವೆ, ಅಂಥದ್ದರಲ್ಲಿ ಒಳಗಿನ ಚಾವಣಿಯ ದೀಪ ಸಾಕು. ದೀಪ ಸತ್ತಂತಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಸಂದಿ ಕೆಟ್ಟಿದೆ. ದೀಪ ಅಲ್ಲಾಡದೆ ಉರಿಯುತ್ತಿದ್ದು ಏನೂ ತಿರುಗದಿದ್ದರೆ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇಲ್ಲ. ಆಗ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಸೊಲೆನಾಯ್ಡ್ (ಅದರ ಕಥೆ ಮುಂದೆ ಬರುತ್ತದೆ), ಕ್ಲಚ್ ಪೆಡಲಿನ ಕೆಳಗಿನ ಸ್ವಿಚ್ ಇವುಗಳನ್ನು ಹುಡುಕಬೇಕು.

ಇನ್ನು ಸ್ಟಾರ್ಟ್ ಆಗದ ಕಾರಿನಿಂದ ಕೆಲವೊಮ್ಮೆ ಕೇಳಿಬರುವ ಆ ಟಕಟಕ ಸದ್ದು. ಕೀ ತಿರುಗಿಸಿದಾಗ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಒಂದು ಕಬ್ಬಿಣದ ದಂಡವನ್ನು ಒಳಗೆ ಸೆಳೆಯುತ್ತದೆ. ಆ ದಂಡ ಒಂದು ಕಡೆ ಪುಟ್ಟ ಹಲ್ಲುಚಕ್ರವನ್ನು ಎಂಜಿನಿನ ದೊಡ್ಡ ಫ್ಲೈವೀಲಿಗೆ ಕೂಡಿಸುತ್ತದೆ, ಇನ್ನೊಂದು ಕಡೆ ದಪ್ಪ ತಾಮ್ರದ ಸ್ವಿಚ್ಚನ್ನು ಮುಚ್ಚುತ್ತದೆ. ಸ್ವಿಚ್ ಮುಚ್ಚಿದೊಡನೆ ಮೋಟಾರ್ ನೂರಾರು ಆಂಪಿಯರಿಗೆ ಬಾಯಿ ತೆರೆಯುತ್ತದೆ. ಬ್ಯಾಟರಿ ಬಳಲಿದ್ದರೆ ವೋಲ್ಟೇಜ್ ಕುಸಿಯುತ್ತದೆ. ದಂಡವನ್ನು ಹಿಡಿದಿಡುವ ಬಲ ಸೊಲೆನಾಯ್ಡಿಗೇ ಉಳಿಯದೆ ಅದು ಕೈಬಿಡುತ್ತದೆ. ಸ್ವಿಚ್ ತೆರೆಯಿತು, ಭಾರ ಇಳಿಯಿತು, ವೋಲ್ಟೇಜ್ ಮತ್ತೆ ಏರಿತು, ದಂಡ ಮತ್ತೆ ಒಳಗೆ ಹೋಯಿತು. ಸೆಕೆಂಡಿಗೆ ಹಲವು ಸಲ ಹೀಗೆ ನಡೆಯುತ್ತದೆ. ಆ ಸದ್ದು ಕೇಳಿ ಸೆಲ್ಫ್ ಮೋಟಾರ್ ಬದಲಿಸಿದವರಿದ್ದಾರೆ. ಸದ್ದು ಹೇಳುತ್ತಿರುವುದು ಸೊಲೆನಾಯ್ಡ್ ನೆಟ್ಟಗಿದೆ ಎಂದು, ಬ್ಯಾಟರಿಗೆ ಅಥವಾ ಸಂದಿಗೆ ಶಕ್ತಿ ಸಾಲದು ಎಂದು.

ಸೆಲ್ಫ್ ಹೊಡೆದರೆ ಬ್ಯಾಟರಿ ಕರಗಿಹೋಗುತ್ತದೆ ಎಂಬ ಭಯವೂ ಅಳತೆ ಮೀರಿದ್ದು. 150 ಆಂಪಿಯರ್ ಮೂರು ಸೆಕೆಂಡು ಹರಿದರೆ ಖರ್ಚಾಗುವುದು 0.125 ಆಂಪಿಯರ್-ಗಂಟೆ. ಚಿಕ್ಕ ಕಾರಿನ ಬ್ಯಾಟರಿಯಲ್ಲಿ 35 ಆಂಪಿಯರ್-ಗಂಟೆ ಇರುತ್ತದೆ. ಆರಿಸಲು ಮರೆತ 5 ವ್ಯಾಟಿನ ಒಳದೀಪ ಹನ್ನೆರಡು ಗಂಟೆಯಲ್ಲಿ ಕುಡಿಯುವುದು 5 ಆಂಪಿಯರ್-ಗಂಟೆ, ಅಂದರೆ ನಲವತ್ತು ಸಲ ಸ್ಟಾರ್ಟ್ ಮಾಡುವಷ್ಟು! ಸೆಲ್ಫ್ ಮೋಟಾರಿಗೆ ಬೇಕಾದದ್ದು ದೊಡ್ಡ ದಾಸ್ತಾನಲ್ಲ, ಕ್ಷಣಮಾತ್ರದ ದೊಡ್ಡ ಹರಿವು.

ಈ ಸೂಕ್ಷ್ಮವನ್ನು ಕಾರಿನಲ್ಲಿ ಯಶಸ್ವಿಯಾಗಿ ಬಳಸಿದವನು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್. ಅದುವರೆಗೆ ಎಂಜಿನನ್ನು ಕೈಯಿಂದ ತಿರುಗಿಸುತ್ತಿದ್ದರು. ನಮ್ಮ ಹಳೆಯ ಲಾರಿಗಳ ಮುಂಭಾಗಕ್ಕೆ ಹ್ಯಾಂಡಲ್ ತೂರಿಸಿ ಕ್ಲೀನರ್ ತಿರುಗಿಸುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟೇ ಮುರಿಯುತ್ತಿತ್ತು. ಅಂಥ ಮುರಿತಕ್ಕೆ ಮೂಳೆ ವೈದ್ಯರು ಇಂದಿಗೂ ಶೋಫರ್ ಫ್ರ್ಯಾಕ್ಚರ್ ಎನ್ನುತ್ತಾರೆ. ವಿದ್ಯುತ್ ಮೋಟಾರಿನಿಂದ ಎಂಜಿನ್ ತಿರುಗಿಸಬೇಕಾದರೆ ಆ ಮೋಟಾರೇ ಎಂಜಿನಿನಷ್ಟು ದಪ್ಪ ಇರಬೇಕಾಗುತ್ತದೆ ಎಂಬ ಅಭಿಪ್ರಾಯವಿದ್ದ ಕಾಲ ಅದು. ಕೆಟರಿಂಗ್ ಹಿಂದೆ ನಗದು ಯಂತ್ರಗಳ ಕಂಪನಿಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಗೆ ವಿದ್ಯುತ್ ಮೋಟಾರ್ ಜೋಡಿಸಿದ್ದವನು. ಪುಟ್ಟ ಮೋಟಾರನ್ನು ಕೆಲವೇ ಕ್ಷಣ ಅದರ ಶಕ್ತಿ ಮೀರಿ ದುಡಿಸಬಹುದು, ಬಿಸಿಯೇರಿ ಸುಡುವ ಮೊದಲೇ ಕೆಲಸ ಮುಗಿದಿರುತ್ತದೆ ಎಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು. 1912ರ ಕ್ಯಾಡಿಲಾಕ್ ಕಾರುಗಳು ಅವನ ಸೆಲ್ಫ್ ಸ್ಟಾರ್ಟರ್ ಹೊತ್ತು ಬಂದವು. ವಿಚಿತ್ರವೆಂದರೆ ಆಗಿನ ಎಲೆಕ್ಟ್ರಿಕ್ ಕಾರುಗಳಿಗೆ ಪೆಟ್ಟು ಕೊಟ್ಟ ಸಂಗತಿಗಳಲ್ಲಿ ಇದೂ ಒಂದು. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು 1899ರಲ್ಲಿ ಮೊದಲು ದಾಟಿದ್ದೇ ಎಲೆಕ್ಟ್ರಿಕ್ ಕಾರು, ಅದೂ ಸೀಸ-ಆಮ್ಲದ ಬ್ಯಾಟರಿಯಿಂದ. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿದ ಮೇಲೆ ಜನ ಪೆಟ್ರೋಲ್ ಕಡೆಗೆ ವಾಲಿದರು.

ನಮ್ಮ ಕಾರುಗಳಲ್ಲೂ ಇರುವ ಆ ಸೀಸ-ಆಮ್ಲದ ಬ್ಯಾಟರಿ ಇನ್ನೂ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅದನ್ನು ಮಾಡಿದ್ದು 1859ರಲ್ಲಿ. ಸೀಸದ ಒಂದು ಫಲಕ, ಸೀಸದ ಡೈಆಕ್ಸೈಡಿನ ಇನ್ನೊಂದು, ನಡುವೆ ಗಂಧಕಾಮ್ಲ. ಒಂದು ಕೋಶಕ್ಕೆ 2.1 ವೋಲ್ಟ್, ಆರು ಕೋಶ ಸೇರಿ 12.6. ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆವರ್ತಕ ಕೋಷ್ಟಕದಲ್ಲಿ ಸೀಸದ ನೆತ್ತಿಯ ಮೇಲೆಯೇ ಕುಳಿತಿರುವ ತವರದಿಂದ ಇಂಥ ಬ್ಯಾಟರಿ ಏಕೆ ಆಗುವುದಿಲ್ಲ ಎಂದು ಮಾತ್ರ ಅವು ಹೇಳುವುದಿಲ್ಲ. ಉತ್ತರ ಬಂದದ್ದು 2011ರಲ್ಲಿ, ವಿಜ್ಞಾನಿಗಳಾದ ರಾಜೀವ್ ಅಹುಜಾ, ಪೆಕ್ಕಾ ಪ್ಯುಕ್ಕೊ ಮತ್ತು ಸಂಗಡಿಗರ ಲೆಕ್ಕಾಚಾರದಿಂದ. ಸೀಸದ ಪರಮಾಣು ಬೀಜದಲ್ಲಿ 82 ಪ್ರೋಟಾನುಗಳು. ಅಷ್ಟು ಬಲವಾದ ಸೆಳೆತದಲ್ಲಿ ತೀರಾ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಶೇ 60ರ ಹತ್ತಿರಕ್ಕೆ ಹೋಗುತ್ತದೆ. ಅಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಹಾಕಲಾಗದು. ಅದರ ಪರಿಣಾಮ ಹೊರಗಿನ ಎಲೆಕ್ಟ್ರಾನುಗಳ ನೆಲೆಯನ್ನೂ ಬಿಗಿಗೊಳಿಸುತ್ತದೆ, ಹಾಗಾಗಿ ಸೀಸದ ಡೈಆಕ್ಸೈಡ್ ಎಲೆಕ್ಟ್ರಾನುಗಳಿಗಾಗಿ ವಿಪರೀತ ಹಸಿದಿರುತ್ತದೆ. ಕೋಶದ 2.1 ವೋಲ್ಟಿನಲ್ಲಿ 1.7ರಿಂದ 1.8 ವೋಲ್ಟ್ ಈ ಸಾಪೇಕ್ಷತೆಯ ಕೊಡುಗೆ ಎಂದು ಅವರು ಕಂಡರು. ಅಂದರೆ 12 ವೋಲ್ಟಿನಲ್ಲಿ 10 ವೋಲ್ಟಿನಷ್ಟು! ಚಾಲಕರ ಸೀಟಿನ ಎದುರು ದೇವರ ಪಟದ ಪಕ್ಕದಲ್ಲಿ ಐನ್‌ಸ್ಟೈನರ ಪಟವನ್ನೂ ಇಡಬೇಕೆಂದು ನನಗೆ ಒಮ್ಮೊಮ್ಮೆ ಅನಿಸುವುದು ಇದಕ್ಕೇ.

ಈಗ ನಿಂಬೆಹಣ್ಣು. ಅದಕ್ಕೆ ಸತುವಿನ ಮೊಳೆ, ತಾಮ್ರದ ತಂತಿ ಚುಚ್ಚಿದರೆ ಸುಮಾರು 0.9 ವೋಲ್ಟ್ ಸಿಗುತ್ತದೆ. ಹದಿನಾಲ್ಕು ಹಣ್ಣು ಸಾಲಾಗಿ ಜೋಡಿಸಿದರೆ 12.6 ವೋಲ್ಟ್, ಮೀಟರಿನಲ್ಲಿ ನೋಡಿದರೆ ಹೊಸ ಕಾರ್ ಬ್ಯಾಟರಿಗೆ ಸರಿಸಮ. ಆದರೆ ಹಣ್ಣಿನೊಳಗಿನ ರೋಧ ಎಷ್ಟೆಂದರೆ ಒಂದು ಮಿಲಿಆಂಪಿಯರ್ ಎಳೆಯುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ. ಒಳ್ಳೆಯ ಕಾರ್ ಬ್ಯಾಟರಿಯ ಒಳರೋಧ ಓಮಿನ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಸುಮ್ಮನೆ ಕುಳಿತ ಬ್ಯಾಟರಿಯ ವೋಲ್ಟೇಜ್ ನೋಡಿ ಅದನ್ನು ಹೊಗಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಿಂತಾಗ 12.6 ಇದ್ದು ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಆ ಬ್ಯಾಟರಿಯ ಆಯಸ್ಸು ಮುಗಿಯುತ್ತ ಬಂದಿದೆ. ನಿಂಬೆಹಣ್ಣಿನ ಬಗ್ಗೆ ನನಗೆ ದ್ವೇಷವಿಲ್ಲ. ಬಂಪರಿಗೆ ಕಟ್ಟುವವರು ಕಟ್ಟಲಿ, ಆಯುಧಪೂಜೆಯ ದಿನ ಚಕ್ರದ ಕೆಳಗಿಟ್ಟು ಹತ್ತಿಸುವವರು ಹತ್ತಿಸಲಿ. ಕಟ್ಟಿದ ಮೇಲೆ ಟರ್ಮಿನಲ್ ನೋಡುವ ಅಗತ್ಯವಿಲ್ಲ ಎಂದುಕೊಂಡರೆ ಮಾತ್ರ ಮುಹೂರ್ತದ ದಿನವೇ ಕಾರು ಕೈಕೊಡುತ್ತದೆ.

ಬ್ಯಾಟರಿ ಸಾಯುವುದು ಚಳಿಯಲ್ಲಿ ಎನ್ನುವವರೂ ಇದ್ದಾರೆ. ಕೊಲ್ಲುವುದು ಬಿಸಿಲು. ರಾಯಚೂರು, ಕಲಬುರಗಿಯ ಏಪ್ರಿಲ್ ಸೆಕೆಯಲ್ಲಿ ಒಳಗಿನ ಸೀಸದ ಜಾಲರಿ ಬೇಗ ಸವೆಯುತ್ತದೆ, ನೀರು ಆರುತ್ತದೆ. ಚಳಿಗಾಲದ ಬೆಳಿಗ್ಗೆ ಎಂಜಿನ್ ಆಯಿಲ್ ದಪ್ಪಗಾಗಿ, ಆಮ್ಲದ ಚುರುಕು ತಗ್ಗಿದಾಗ ಆ ಹಾನಿ ಬಯಲಾಗುತ್ತದೆ, ಅಷ್ಟೇ. ನೀರು ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ಸುರಿಯುವವರಿಗೆ ಏನು ಹೇಳುವುದು? ಅದರ ಲವಣಗಳು ಫಲಕಗಳನ್ನು ಕೆಡಿಸುತ್ತವೆ, ಡಿಸ್ಟಿಲ್ಡ್ ವಾಟರೇ ಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯ ಕಥೆ ಬೇರೆ. ಚಾರ್ಜ್ ಇಳಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ಎಂಜಿನ್ ಚುರುಕಾಗಿ ತಿರುಗುತ್ತಿದ್ದೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ಪೆಟ್ರೋಲ್, ಕಿಡಿ, ಕಳ್ಳತನ ತಡೆಯಲೆಂದು ಕೀಲಿಗೆ ಜೋಡಿಸಿರುವ ಇಮ್ಮೊಬಿಲೈಸರ್ ಕಡೆ ನೋಡಿ. ಬೈಕಾದರೆ ಮೊದಲು ಕಿಲ್ ಸ್ವಿಚ್ಚನ್ನೂ ಸೈಡ್ ಸ್ಟ್ಯಾಂಡನ್ನೂ ನೋಡಿ, ನಗಬೇಡಿ. ಗೇರ್ ಇರುವ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬಹುದು. ಆದರೆ ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂಧನ ಪಂಪಿಗೂ ಕಂಪ್ಯೂಟರಿಗೂ ಉಸಿರಿಲ್ಲದೆ ಬೀದಿಯವರೆಲ್ಲ ಬೆವರು ಸುರಿಸಿದರೂ ವ್ಯರ್ಥ. ಎಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಪರೀಕ್ಷಿಸುವ ಹಳೆಯ ಚಾಳಿ ಇನ್ನೂ ಕೆಲವರಿಗಿದೆ. ಆಗ ಉಕ್ಕುವ ವೋಲ್ಟೇಜ್ ಇಂದಿನ ಎಲೆಕ್ಟ್ರಾನಿಕ್ಸನ್ನು ಸುಡಬಲ್ಲದು. ಆಲ್ಟರ್ನೇಟರ್ ನೋಡಬೇಕಾದರೆ ಮೀಟರ್ ಇಡಿ, 14 ವೋಲ್ಟಿನ ಆಸುಪಾಸು ತೋರಿಸಿದರೆ ಅದು ಕೆಲಸ ಮಾಡುತ್ತಿದೆ.

ಎಲೆಕ್ಟ್ರಿಕ್ ಕಾರು ಕೊಂಡವರು ಇದೆಲ್ಲ ತಮಗಲ್ಲವೆಂದು ನಗುತ್ತಿದ್ದರೆ ಅವರಿಗೂ ಒಂದು ಸುದ್ದಿಯಿದೆ. ಆ ಕಾರುಗಳಲ್ಲೂ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದಿರುತ್ತದೆ, ಬಹಳಷ್ಟರಲ್ಲಿ ಸೀಸ-ಆಮ್ಲದ್ದೇ. ಬಾಗಿಲಿನ ಬೀಗ, ಕಂಪ್ಯೂಟರ್, ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಕೂಡಿಸುವ ರಿಲೇಗಳು ಎಲ್ಲವೂ ಅದರಿಂದಲೇ ನಡೆಯುತ್ತವೆ. ಅದು ಸತ್ತರೆ ತಳದಲ್ಲಿ ನೂರಾರು ಕಿಲೋಮೀಟರ್ ಓಡುವಷ್ಟು ಚಾರ್ಜ್ ಇದ್ದೂ ಕಾರು ಕಣ್ಣು ಬಿಡುವುದಿಲ್ಲ. ಅದನ್ನು ಎಬ್ಬಿಸುವುದು ಸುಲಭ. ತಿರುಗಿಸಬೇಕಾದ ಸೆಲ್ಫ್ ಮೋಟಾರ್ ಇಲ್ಲದ್ದರಿಂದ ಜಂಪರ್ ಕೇಬಲ್ ಮೂಲಕ ಸಣ್ಣ ಕರೆಂಟ್ ಕೊಟ್ಟರೆ ಸಾಕು, ಕೇಬಲ್ ಎಲ್ಲಿಗೆ ಹಚ್ಚಬೇಕೆಂದು ಕಾರಿನ ಕೈಪಿಡಿಯಲ್ಲಿರುತ್ತದೆ. ಪಕ್ಕದ ಮನೆಯವರ ಪೆಟ್ರೋಲ್ ಕಾರು ನಿಂತಾಗ ಮಾತ್ರ ಎಲೆಕ್ಟ್ರಿಕ್ ಕಾರಿನಿಂದ ಕೇಬಲ್ ಎಳೆದು ಉಪಕಾರಕ್ಕೆ ಹೋಗಬೇಡಿ. ಬಹುತೇಕ ತಯಾರಕರು ಅದನ್ನು ಬೇಡವೆನ್ನುತ್ತಾರೆ, ಏಕೆಂದರೆ ಆ ಪುಟ್ಟ ಬ್ಯಾಟರಿ ನೂರೈವತ್ತು ಆಂಪಿಯರಿನ ಹೊಡೆತಕ್ಕೆಂದು ಮಾಡಿದ್ದಲ್ಲ.