ಬೋರ್ಲ್ಯಾಂಡ್ ಟರ್ಬೊ ಪಾಸ್ಕಲ್ ಕೈಬಿಟ್ಟ ಮೇಲೂ ಪಾಸ್ಕಲ್ ಉಳಿದಿದ್ದು ಹೇಗೆ?

1992ರಲ್ಲಿ ಬೋರ್ಲ್ಯಾಂಡ್ ಕಂಪನಿ, ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವವರಿಗೆಂದು ಮಾಡಿದ್ದ ಟರ್ಬೊ ಪಾಸ್ಕಲ್‌ನ 7ನೇ ಆವೃತ್ತಿ ತಂದಿತು. ವಿಂಡೋಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಂ ಡಾಸ್‌ಗೆ ಅದೇ ಕೊನೆ, ಮುಂದೆ ಏನಿದ್ದರೂ ವಿಂಡೋಸ್. ಹಾಗಾದರೆ ವರ್ಷಗಟ್ಟಲೆ ಬರೆದಿಟ್ಟ ಕೋಡ್ ಏನಾಗಬೇಕು? 1993ರಲ್ಲಿ ಫ್ಲೋರಿಯಾನ್ ಕ್ಲೆಂಪ್ಫ್ಲ್ ಎಂಬ ವಿದ್ಯಾರ್ಥಿ ತಾನೇ ಒಂದು ಕಂಪೈಲರ್, ಅಂದರೆ ಬರೆದ ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತಿರುಗಿಸುವ ಸಾಫ್ಟ್‌ವೇರ್, ಬರೆಯಲು ಕೂತರು. ಬರೆದಿದ್ದು ಟರ್ಬೊ ಪಾಸ್ಕಲ್‌ನಲ್ಲೇ! ಮುಂದೆ ಆ ಕಂಪೈಲರ್ ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳುವಷ್ಟು ಬೆಳೆಯಿತು. ಅಲ್ಲಿಗೆ ಬೋರ್ಲ್ಯಾಂಡ್ ಹಂಗು ತೀರಿತು. ಅದೇ ಇವತ್ತಿನ ಫ್ರೀ ಪಾಸ್ಕಲ್.

ಪಾಸ್ಕಲ್ ಹುಟ್ಟಿದ್ದು ಪಾಠ ಹೇಳಲು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿದ್ದ ನಿಕ್ಲಾಸ್ ವಿರ್ಥ್ 1970ರಲ್ಲಿ ಅದನ್ನು ಹೊರತಂದರು. ಮನೆಮನೆಗೆ ಮುಟ್ಟಿಸಿದ್ದು ಮಾತ್ರ 1983ರ ಟರ್ಬೊ ಪಾಸ್ಕಲ್. ಬೇರೆ ಕಂಪೈಲರ್‌ಗಳಿಗೆ ನೂರಾರು ಡಾಲರ್ ಇದ್ದ ಕಾಲದಲ್ಲಿ ಇದಕ್ಕೆ 49.95 ಡಾಲರ್. ಎಡಿಟರ್, ಕಂಪೈಲರ್ ಎರಡೂ ಒಂದೇ ಕಡೆ, ವೇಗವಂತೂ ಜಾಸ್ತಿ. ಅದರ ಹಿಂದಿದ್ದವರು ಆಂಡರ್ಸ್ ಹೈಲ್ಸ್‌ಬರ್ಗ್. ಮುಂದೆ ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಭಾಷೆಗಳನ್ನು ಕಟ್ಟಿದ್ದೂ ಅವರೇ. ಅಂದ ಹಾಗೆ, ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಬಹುಕಾಲ ಕಂಡ ಟರ್ಬೊ ಸಿ ನೀಲಿ ಪರದೆಯೂ ಇದೇ ಬೋರ್ಲ್ಯಾಂಡ್‌ನದು.

ಪಾಸ್ಕಲ್‌ನಲ್ಲೇ ವಿಂಡೋಸ್ ಪ್ರೋಗ್ರಾಂ ಕಟ್ಟಲೆಂದು ಬೋರ್ಲ್ಯಾಂಡ್ 1995ರಲ್ಲಿ ತಂದ ಡೆಲ್ಫಿ ಗೆದ್ದಿತು. ಅದನ್ನೇ ಲಿನಕ್ಸ್‌ಗೆಂದು 2001ರಲ್ಲಿ ಕೈಲಿಕ್ಸ್ ಎಂದು ತಂದದ್ದು ಬಾಳಲಿಲ್ಲ. ಇತ್ತ 2000ದಲ್ಲಿ ಫ್ರೀ ಪಾಸ್ಕಲ್ 1.0 ಬಂತು. ಡೆಲ್ಫಿಯಂತೆ ಫಾರ್ಮ್, ಬಟನ್ ಎಳೆದು ಕೂರಿಸಿ ಫ್ರೀ ಪಾಸ್ಕಲ್‌ನಲ್ಲಿ ಪ್ರೋಗ್ರಾಂ ಕಟ್ಟುವ ಲಜಾರಸ್ 1999ರಲ್ಲೇ ಶುರುವಾಗಿತ್ತು. ಮೆಗಿಡೊ ಎಂಬ ಹಿಂದಿನ ಪ್ರಯತ್ನ ನಿಂತುಹೋಗಿದ್ದರಿಂದ, ಬೈಬಲ್ಲಿನಲ್ಲಿ ಸತ್ತು ಎದ್ದು ಬಂದ ಲಾಜರನ ಹೆಸರನ್ನೇ ಇದಕ್ಕಿಟ್ಟರು. ಇದರ 1.0 ಬಂದಿದ್ದು 2012ರಲ್ಲಿ. ಸುಮ್ನೆ ತಾಳ್ಮೆಯೇ?

ನನ್ನ ಪ್ರಕಾರ ಫ್ರೀ ಪಾಸ್ಕಲನ್ನು ಉಳಿಸಿದ್ದು ಹೊಸತನವಲ್ಲ, ಹಳೆಯ ಕೋಡ್‌ಗೆ ಕೊಟ್ಟ ಮರ್ಯಾದೆ. ಫೈಲಿನ ತಲೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಕಂಪೈಲರ್ ಟರ್ಬೊ ಪಾಸ್ಕಲ್ ರೀತಿಗೋ ಡೆಲ್ಫಿ ರೀತಿಗೋ ಹೊರಳುತ್ತದೆ. ಲೈಸೆನ್ಸೂ ಜಾಣತನದ್ದು. ಇದರ ಲೈಬ್ರರಿಗಳನ್ನು ಬಳಸಿ ಮಾಡಿದ ಸಾಫ್ಟ್‌ವೇರನ್ನು ಸೋರ್ಸ್ ಕೋಡ್ ಕೊಡದೆಯೂ ಮಾರಬಹುದು.

ಎಲ್ಲವೂ ಸಲೀಸಲ್ಲ. ಡೆಲ್ಫಿ 2009 ಎಂಬ ಆವೃತ್ತಿ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಇಡಲು ಯುಟಿಎಫ್-16 ಎಂಬ ಕ್ರಮ ಹಿಡಿಯಿತು, ಲಜಾರಸ್ ಯುಟಿಎಫ್-8 ಎಂಬ ಬೇರೆ ಕ್ರಮ ಬಿಡಲಿಲ್ಲ. ಕನ್ನಡದಂಥ ಪಠ್ಯ ಇರುವ ಪ್ರೋಗ್ರಾಂ ಅತ್ತಿಂದಿತ್ತ ಸಾಗಿಸುವವರು ಇಲ್ಲಿ ಎಚ್ಚರವಾಗಿರಬೇಕು. ಹಾಗಿದ್ದೂ ನಂಬಿದವರಿದ್ದಾರೆ. ಹಳೇ ಡೆಲ್ಫಿಯಲ್ಲಿ ಬೆಳೆದ, ಫೈಲ್‌ಗಳನ್ನು ನಿಭಾಯಿಸುವ ಟೋಟಲ್ ಕಮಾಂಡರ್ ತನ್ನ 64 ಬಿಟ್ ಆವೃತ್ತಿಗೆ ಆರಿಸಿಕೊಂಡಿದ್ದು ಲಜಾರಸ್ಸನ್ನೇ.